ನಾವೂ ಪರೀಕ್ಷಕರಾದೆವು

ಪರೀಕ್ಷೆ ಎಂಬ ಮೂರಕ್ಷರವನ್ನು ಕೇಳಿದೊಡನೆ ಎದೆ ಝಲ್ಲೆನ್ನದ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ಯಾರಾದರೂ ಇದ್ದರೆ, ಅವನ ಭಾವಚಿತ್ರವನ್ನು ಈ ಸಂಚಿಕೆಯ ಮೊದಲ ಪುಟದಲ್ಲಿ ಅಚ್ಚು ಹಾಕಿಸಬೇಕೆಂದು ಸಂಪಾದಕರಲ್ಲಿ ನನ್ನ ವಿನಂತಿ. ನಾನಂತೂ ಆ ಗೌರವಕ್ಕೆ ಪಾತ್ರನಲ್ಲ. ಒಂದನೆಯ ತರಗತಿಯಿಂದ ಮೊದಲ್ಗೊಂಡು ಈ ಅಂತಿಮ ಬಿ.ಎ. ವರೆಗೆ ಹದಿನೈದು ವರ್ಷಗಳ ಕಾಲ ಯಾರಾದರೊಬ್ಬರು ನನ್ನನ್ನು ಪರೀಕ್ಷಿಸುತ್ತಲೇ ಬಂದಿದ್ದಾರೆ. ನಾನು ಬೆವರುತ್ತಲೇ ಬಂದಿದ್ದೇನೆ. ಮೇಜಿನ ಆಚೆಯ ಬದಿಯಲ್ಲಿ ಕುಳಿತು, ಕೆಂಪು ಶಾಯಿಯ ಲೇಖನಿ ಹಿಡಿದು, ಇನ್ನೊಬ್ಬರ ತಪ್ಪಿನ ಮೇಲೆ ಗೀಟು ಹಾಕುವ ಸುಖ ಎಂಥದೆಂಬುದು ನನಗೆ ತಿಳಿದಿರಲಿಲ್ಲ. ಆ ಸುಖ ಈ ವರ್ಷ ಕೆಲವು ವಾರಗಳ ಮಟ್ಟಿಗೆ ಲಭಿಸಿತು. ನಾವು ಪರೀಕ್ಷಿಸಿದ್ದು ಮಾತ್ರ ಮನುಷ್ಯರನ್ನಲ್ಲ, ಒಂದು ತಂತ್ರಾಂಶವನ್ನು.

ನಡೆದದ್ದು ಇಷ್ಟು. ನಮ್ಮ ಗ್ರಂಥಾಲಯದ ದಪ್ಪ ದಪ್ಪ ಲೆಡ್ಜರುಗಳನ್ನು ನೀವೆಲ್ಲರೂ ಬಲ್ಲಿರಿ. ಅವುಗಳಲ್ಲಿ ಒಂದೊಂದನ್ನು ಎತ್ತಲು ಒಬ್ಬ ಆಳು ಬೇಕು. ಅದರಲ್ಲಿ ಬರೆದುದನ್ನು ಓದಲು ಒಬ್ಬ ಪಂಡಿತ ಬೇಕು. ಇವುಗಳ ಕಾಟದಿಂದ ಗ್ರಂಥಪಾಲಕರನ್ನು ಪಾರುಮಾಡಲೆಂದು ಈ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬರು ಒಂದು ಸಣ್ಣ ತಂತ್ರಾಂಶವನ್ನು ಸಿದ್ಧಪಡಿಸಿ ಉಚಿತವಾಗಿ ಕೊಟ್ಟರು. ಕೊಟ್ಟ ಹಸುವಿನ ಹಲ್ಲು ಎಣಿಸಬಾರದೆಂದು ಗಾದೆಯಿದೆ. ನಮ್ಮ ಕಂಪ್ಯೂಟರ್ ಐಚ್ಛಿಕ ತರಗತಿಯ ಮೇಷ್ಟ್ರಿಗೆ ಆ ಗಾದೆಯಲ್ಲಿ ನಂಬಿಕೆಯಿಲ್ಲ. "ಎಣಿಸಿಯೇ ತೀರಬೇಕು, ಎಣಿಸುವವರು ನೀವೇ" ಎಂದು ಅವರು ನಮ್ಮನ್ನು ಐದೈದು ಜನರ ತಂಡಗಳಾಗಿ ವಿಂಗಡಿಸಿದರು. ತಂತ್ರಾಂಶ ಏನೇನು ಮಾಡಬೇಕೆಂದು ಗ್ರಂಥಪಾಲಕರು ಮೊದಲೇ ಒಂದು ಪಟ್ಟಿಯನ್ನು ಬರೆದುಕೊಟ್ಟಿದ್ದರು. ಒಟ್ಟು 36 ಕಲಮುಗಳು. ಸದಸ್ಯತ್ವ, ಪುಸ್ತಕ ಕೊಡುವುದು, ದಂಡ, ಹುಡುಕುವುದು ಇವುಗಳಿಗೆ ಸೇರಿದ ಮೊದಲ 12 ಕಲಮುಗಳು ನಮ್ಮ ತಂಡದ ಪಾಲಿಗೆ ಬಂದವು. ಈ ಅಭ್ಯಾಸಕ್ಕೆ ಆಂತರಿಕ ಅಂಕಗಳೂ ಉಂಟೆಂದು ತಿಳಿದ ಮೇಲೆ ನಮ್ಮ ಉತ್ಸಾಹ ಇಮ್ಮಡಿಸಿತೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ತಂಡದ ಪರಿಚಯ ಮಾಡಿಕೊಡಬೇಕು. ಅರ್ಥಶಾಸ್ತ್ರದ ಒಬ್ಬ, ಪ್ರತಿಯೊಂದನ್ನೂ ಕೂಡಿ ಕಳೆಯುವ ಅವನನ್ನು ನಾವು ಲೆಕ್ಕಿಗನೆಂದು ಕರೆಯುತ್ತೇವೆ. ಸಂಜೆ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಇನ್ನೊಬ್ಬ ನಮ್ಮ ಬೆರಳಚ್ಚುಗಾರ. ಮೂರನೆಯವನು ಯಾವ ಮಾತನ್ನೂ 'ಆದರೆ' ಎಂಬ ಪದವಿಲ್ಲದೆ ಆರಂಭಿಸಲಾರ. ಅದೇ ಅವನ ಹೆಸರಾಗಿಹೋಗಿದೆ. ನಾಲ್ಕನೆಯವಳು ಹಾಸ್ಟೆಲಿನಲ್ಲಿರುವ ನಮ್ಮ ಸಹಪಾಠಿ, ಮಾತು ಕಡಮೆ. ಐದನೆಯವನು ನಾನು. ಕಂಪ್ಯೂಟರಿನ ವಿಷಯದಲ್ಲಿ ನನ್ನ ಅರ್ಹತೆ ಸೊನ್ನೆಯಾದರೂ ಅಕ್ಷರ ದುಂಡಾಗಿರುವುದರಿಂದ ದಾಖಲೆ ಬರೆಯುವ ಕೆಲಸ ನನಗೆ ಬಂತು.

ಮೇಷ್ಟ್ರು ಪ್ರತಿ ತಂಡಕ್ಕೂ ಒಂದೊಂದು ಉದ್ದನೆಯ ಪುಸ್ತಕ ಕೊಟ್ಟು ಐದು ಅಂಕಣಗಳನ್ನು ಗೀಟು ಹಾಕಿಸಿದರು. ಕಲಮಿನ ಸಂಖ್ಯೆ, ನಾವು ಮಾಡಿದ್ದು, ಬರಬೇಕಾದದ್ದು, ಬಂದದ್ದು, ತೀರ್ಪು. "ಬರಬೇಕಾದದ್ದನ್ನು ಮೊದಲೇ ಬರೆಯತಕ್ಕದ್ದು. ಬಂದದ್ದನ್ನು ನೋಡಿಕೊಂಡು ಬರಬೇಕಾದದ್ದನ್ನು ಬರೆದರೆ ಅದಕ್ಕೆ ಪರೀಕ್ಷೆ ಎನ್ನುವುದಿಲ್ಲ, ನಕಲು ಎನ್ನುತ್ತಾರೆ" ಎಂದರು. ಈ ವಿಷಯದಲ್ಲಿ ತರಗತಿಯಲ್ಲಿ ಅನುಭವಸ್ಥರಿದ್ದುದರಿಂದ ಮಾತು ಎಲ್ಲರಿಗೂ ಬೇಗ ಅರ್ಥವಾಯಿತು.

ಮೊದಲ ದಿನ ಒಂದೇ ಗಂಟೆಯಲ್ಲಿ ಕೆಲಸ ಮುಗಿಸಿಬಿಟ್ಟೆವು. ಹೆಸರು ಕೊಟ್ಟೆವು, ಸದಸ್ಯತ್ವ ಬಂತು; ಪುಸ್ತಕ ಕೇಳಿದೆವು, ಕೊಟ್ಟಿತು. ಹನ್ನೆರಡಕ್ಕೆ ಹನ್ನೆರಡೂ 'ಸರಿ'. ಜಂಬದಿಂದ ಪುಸ್ತಕವನ್ನು ಒಪ್ಪಿಸಿದೆವು. ಮೇಷ್ಟ್ರು ಅದನ್ನು ತಿರುವಿ ನೋಡಿ, "ಅದಕ್ಕೆ ಗೊತ್ತಿರುವ ಪ್ರಶ್ನೆಗಳನ್ನೇ ಹುಡುಕಿ ಕೇಳಿದ್ದೀರಿ. ಪ್ರಶ್ನೆಪತ್ರಿಕೆ ಬಯಲಾದ ಪರೀಕ್ಷೆ ಇದು" ಎಂದು ಹಿಂದಕ್ಕೆ ಕೊಟ್ಟರು. ಒಬ್ಬ ಸದಸ್ಯನಿಗೆ ಮೂರೇ ಪುಸ್ತಕ ಎಂದಿದ್ದರೆ ಒಂದನ್ನು ಕೇಳಿ ಸುಮ್ಮನಾಗಕೂಡದು; ಎರಡು, ಮೂರು, ನಾಲ್ಕು ಕೇಳಿ ನೋಡಬೇಕು. ತಪ್ಪುಗಳೆಲ್ಲ ಎಲ್ಲೆಯಲ್ಲಿ ವಾಸಿಸುತ್ತವೆಂದು ಅವರು ಹೇಳಿದಾಗ ನನಗೆ ನಮ್ಮೂರು ನೆನಪಾಯಿತು. ಹೊಲದ ನಡುವೆ ಯಾರೂ ಜಗಳವಾಡಿದ್ದನ್ನು ನಾನು ಕಾಣೆ. ಜಗಳವೆಲ್ಲ ಬದುವಿನ ಮೇಲೆಯೇ.

ಅಂದಿನಿಂದ ನಾವು ಬದುವಿನ ಮೇಲೆ ನಡೆಯತೊಡಗಿದೆವು. ಮೊದಲು ನಾಲ್ಕನೆಯ ಪುಸ್ತಕ ಕೇಳಿದೆವು. ಕೊಡಲಿಲ್ಲ, ಸರಿ. ಲೆಕ್ಕಿಗನು ಫೆಬ್ರವರಿಯನ್ನು ಹಿಡಿದುಕೊಂಡ. 2024ರ ಫೆಬ್ರವರಿ 20ರಂದು ಕೊಟ್ಟ ಪುಸ್ತಕದ ಹದಿನಾಲ್ಕನೆಯ ದಿನ ಮಾರ್ಚ್ 5. 2025ರಲ್ಲಾದರೆ ಮಾರ್ಚ್ 6. ಅಧಿಕ ವರ್ಷದ ಈ ಸೂಕ್ಷ್ಮವನ್ನು ಯಂತ್ರ ಬಲ್ಲುದಾಗಿತ್ತು, ಲೆಕ್ಕಿಗನಿಗೆ ನಿರಾಶೆಯಾಯಿತು. ಆದರೆ ಅದರ ಮಗ್ಗುಲಲ್ಲೇ ಒಂದು ಮೀನು ಸಿಕ್ಕಿತು. ಒಂಬತ್ತನೆಯ ಕಲಮು 'ಪುಸ್ತಕವನ್ನು ಹದಿನಾಲ್ಕು ದಿನಗಳೊಳಗೆ ಹಿಂತಿರುಗಿಸತಕ್ಕದ್ದು. ತಪ್ಪಿದಲ್ಲಿ ದಂಡ' ಎನ್ನುತ್ತಿತ್ತು. ಹದಿನಾಲ್ಕನೆಯ ದಿನವೇ ತಂದುಕೊಟ್ಟವನಿಗೂ ಯಂತ್ರ ದಂಡ ವಿಧಿಸಿತು. ನಾನು 'ತಪ್ಪು' ಎಂದು ಬರೆಯಹೊರಟೆ. "ಆದರೆ..." ಎಂದ ನಮ್ಮ 'ಆದರೆ', "ಒಳಗೆ ಎಂದರೆ ಹದಿನಾಲ್ಕನೆಯ ದಿನ ಒಳಗೋ ಹೊರಗೋ?" ಅರ್ಧ ಗಂಟೆ ವ್ಯಾಕರಣ ನಡೆಯಿತು. ಕೊನೆಗೆ ಗ್ರಂಥಪಾಲಕರನ್ನೇ ಕೇಳಿದೆವು. "ಹದಿನಾಲ್ಕನೆಯ ದಿನ ತಂದವರಿಗೆ ದಂಡ ಹಾಕುವುದುಂಟೇನ್ರಪ್ಪಾ? ಹದಿನೈದಕ್ಕೆ ಹಾಕುತ್ತೇನೆ. ಅಂದು ಭಾನುವಾರವಾದರೆ ಅದೂ ಇಲ್ಲ; ಬಾಗಿಲು ನಾನೇ ಹಾಕಿ ದಂಡವನ್ನೂ ನಾನೇ ಹಾಕಿದರೆ ಚೆನ್ನಾಗಿರುತ್ತದೆಯೇ?" ಎಂದರು. ಭಾನುವಾರದ ಈ ದಯೆ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಅದು ಅವರ ಮನಸ್ಸಿನಲ್ಲಿತ್ತು. ಮನಸ್ಸಿನಲ್ಲಿರುವುದನ್ನು ಯಂತ್ರ ಓದಲಾರದು.

ಎರಡನೆಯ ಮೀನನ್ನು ಹಿಡಿದವನು ಬೆರಳಚ್ಚುಗಾರ. ಲೇಖಕರ ಹೆಸರನ್ನು ಕೊಟ್ಟರೆ ಅವರ ಪುಸ್ತಕಗಳೆಲ್ಲ ಕಾಣಬೇಕೆಂಬುದು ಹನ್ನೊಂದನೆಯ ಕಲಮು. ಪೂರ್ಣಚಂದ್ರ ತೇಜಸ್ವಿಯವರ ಹೆಸರನ್ನು ಕೊಟ್ಟೆವು. ಕಪಾಟಿನಲ್ಲಿ ಅವರ ಪುಸ್ತಕಗಳು ಏಳು. ಪರದೆಯ ಮೇಲೆ ನಾಲ್ಕು. ಉಳಿದ ಮೂರು ಎಲ್ಲಿ ಹೋದವು? ಡಿ.ಟಿ.ಪಿ. ಮಾಡಿ ಪಳಗಿದ ಅವನಿಗೆ ಗುಟ್ಟು ಹೊಳೆಯಿತು. 'ಪೂರ್ಣ' ಎಂಬುದನ್ನು ಅರ್ಕಾವತ್ತು ಹಾಕಿ ಬರೆಯುವುದು ಒಂದು ಬಗೆ. ರಕಾರವನ್ನು ಇಡಿಯಾಗಿ ನಿಲ್ಲಿಸಿ ಅದರ ಅಡಿಯಲ್ಲಿ ಣಕಾರದ ಒತ್ತು ಕೊಡುವುದು ಇನ್ನೊಂದು ಬಗೆ. ಯೂನಿಕೋಡ್ ಲಿಪಿಯಲ್ಲಿ ಎರಡನೆಯ ಬಗೆಗೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ನಡುವೆ ಸೇರಿಸಬೇಕು. ಓದುವವರಿಗೆ ಎರಡೂ ಒಂದೇ. ಯಂತ್ರಕ್ಕೆ ಮಾತ್ರ ಅವು ಎರಡು ಬೇರೆ ಬೇರೆ ಪದಗಳು. ಪುಸ್ತಕಗಳ ಹೆಸರನ್ನು ಇಬ್ಬರು ಕುಳಿತು ಏರಿಸಿದ್ದರು. ಇಬ್ಬರ ರೂಢಿಯೂ ಬೇರೆ. ಆ ದಿನ ನಾನು ಬಹಳ ತೃಪ್ತಿಯಿಂದ 'ತಪ್ಪು' ಎಂದು ಬರೆದೆ.

ಈ ಮೊದಲೇ ಆರನೆಯ ಕಲಮು ಮುಗಿದಿತ್ತು. ಅದನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇನೆ. 'ಸದಸ್ಯನ ತಂದೆಯ ಹೆಸರು ಕಡ್ಡಾಯ. ಖಾಲಿ ಬಿಟ್ಟಲ್ಲಿ ಅರ್ಜಿಯನ್ನು ಸ್ವೀಕರಿಸಕೂಡದು.' ಬೆರಳಚ್ಚುಗಾರ ಆ ಸ್ಥಳವನ್ನು ಖಾಲಿ ಬಿಟ್ಟು ಗುಂಡಿಯೊತ್ತಿದ. ಕೆಂಪಕ್ಷರದಲ್ಲಿ 'ತಂದೆಯ ಹೆಸರು ಅವಶ್ಯಕ' ಎಂದು ಬಂತು. ಬರಬೇಕಾದದ್ದೂ ಅದೇ. ನಾನು 'ಸರಿ' ಎಂದು ಬರೆದೆ. ಪಟ್ಟಿಯನ್ನು ಹಿಡಿದುಕೊಂಡಿದ್ದ ನಮ್ಮ ಸಹಪಾಠಿ, "ಇನ್ನೊಂದು ಸಲ ಮಾಡಿ" ಎಂದಳು. ಮಾಡಿದೆವು; ಮತ್ತೆ ಅದೇ ಕೆಂಪಕ್ಷರ. "ಸರಿಯಾಗಿದೆಯಲ್ಲ?" ಎಂದೆ. "ಬರೆದಿರುವ ಹಾಗೆ ಇದೆ" ಎಂದಳು. ಆ ಉತ್ತರದಲ್ಲಿ ಏನೋ ಉಳಿದಿದೆಯೆಂದು ಆಗ ನನಗೆ ತೋರಲಿಲ್ಲ.

ಮೊದಲ ವಾರದ ಕೊನೆಯಲ್ಲಿ ಮೇಷ್ಟ್ರು ತರಗತಿಯಲ್ಲಿ ಎರಡು ನೌಕೆಗಳ ಕಥೆ ಹೇಳಿದರು. ಒಂದು, ಅಮೆರಿಕದ ನಾಸಾ ಸಂಸ್ಥೆ 1998ರ ಡಿಸೆಂಬರಿನಲ್ಲಿ ಮಂಗಳಗ್ರಹಕ್ಕೆ ಕಳುಹಿಸಿದ ಮಾರ್ಸ್ ಕ್ಲೈಮೇಟ್ ಆರ್ಬಿಟರ್. ನೌಕೆಯ ಎಂಜಿನ್ನಿನ ನೂಕುಬಲದ ಲೆಕ್ಕವನ್ನು ಮೆಟ್ರಿಕ್ ಮಾನದಲ್ಲಿ, ನ್ಯೂಟನ್ ಸೆಕೆಂಡುಗಳಲ್ಲಿ, ಕೊಡಬೇಕೆಂದು ಬರಹದಲ್ಲಿತ್ತು. ಭೂಮಿಯ ಮೇಲಿನ ಒಂದು ತಂತ್ರಾಂಶ ಅದನ್ನು ಪೌಂಡಿನ ಮಾನದಲ್ಲಿ ಕೊಡುತ್ತಿತ್ತು. ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. 1999ರ ಸೆಪ್ಟೆಂಬರ್ 23ರಂದು ನೌಕೆ ಮಂಗಳಕ್ಕೆ ತೀರ ಸಮೀಪ ಹೋಗಿ ನಷ್ಟವಾಯಿತು. ಇನ್ನೊಂದು, ಐರೋಪ್ಯರ ಏರಿಯಾನ್ 5 ರಾಕೆಟ್ಟು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೌರು ಕೇಂದ್ರದಿಂದ ಮೊದಲ ಸಲ ಹಾರಿ, ಸುಮಾರು 40 ಸೆಕೆಂಡುಗಳಲ್ಲಿ ದಾರಿ ತಪ್ಪಿ ಸಿಡಿದುಹೋಯಿತು. ಅದರೊಳಗಿನ ದಿಕ್ಕು ತಿಳಿಸುವ ತಂತ್ರಾಂಶವನ್ನು ಹಿಂದಿನ ಏರಿಯಾನ್ 4ರಿಂದ ತಂದು ಕೂರಿಸಿದ್ದರು. ಹಳೆಯ ರಾಕೆಟ್ಟಿನ ಅಡ್ಡವೇಗಕ್ಕೆ ಆ ತಂತ್ರಾಂಶದ ಅಳತೆ ಸಾಕಾಗಿತ್ತು. ಹೊಸದರ ವೇಗ ಹೆಚ್ಚು. 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದ ಜಾಗಕ್ಕೆ ಅದಕ್ಕಿಂತ ದೊಡ್ಡದೊಂದು ಬಂದು ಬಿತ್ತು. ದಿಕ್ಕು ತಿಳಿಸುವುದು ನಿಂತೇಹೋಯಿತು.

"ಎರಡೂ ಹಾಳಾದವು. ವ್ಯತ್ಯಾಸವೇನು?" ಎಂದು ಮೇಷ್ಟ್ರು ಕೇಳಿದರು. ಯಾರೂ ಹೇಳಲಿಲ್ಲ. "ಮಂಗಳದ ನೌಕೆಯಲ್ಲಿ ತಂತ್ರಾಂಶ ಬರಹಕ್ಕೆ ತಪ್ಪಿ ನಡೆಯಿತು. ಏರಿಯಾನ್‌ನಲ್ಲಿ ಬರಹಕ್ಕೆ ತಪ್ಪಲಿಲ್ಲ. ಬರಹವೇ ಈ ರಾಕೆಟ್ಟಿನದಲ್ಲ, ಹಿಂದಿನದರದು. ಆದ್ದರಿಂದ ಎರಡು ಪ್ರಶ್ನೆ ಕೇಳಬೇಕು. ಬರೆದಂತೆ ಮಾಡಿದ್ದಾರೆಯೇ? ಬರೆದುದು ಬೇಕಾದದ್ದೇ ಹೌದೇ?" ಡಚ್ ವಿದ್ವಾಂಸ ಡೈಕ್‌ಸ್ಟ್ರಾ ಹೇಳಿರುವಂತೆ ಪರೀಕ್ಷೆಗಳಿಂದ ತಪ್ಪು ಇದೆಯೆಂದು ತೋರಿಸಬಹುದೇ ಹೊರತು ಇಲ್ಲವೆಂದು ತೋರಿಸಲಾಗದೆಂಬುದನ್ನೂ ತಿಳಿಸಿದರು.

ತರಗತಿ ಬಿಟ್ಟ ಮೇಲೆ ನಮ್ಮ ಸಹಪಾಠಿ ನನ್ನನ್ನು ನಿಲ್ಲಿಸಿ, "ಆ ಆರನೆಯದಕ್ಕೆ ಸರಿ ಎಂದು ಬರೆದಿದ್ದೀಯಲ್ಲ, ಅದು ಸರಿಯಲ್ಲ" ಎಂದಳು. ಆಮೇಲೆ ಹೇಳಿದ್ದನ್ನು ಅವಳ ಅಪ್ಪಣೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ನೆನಪು ಬರುವ ಮೊದಲೇ ತಂದೆ ಮನೆ ಬಿಟ್ಟು ಹೋದವರು. ಸಾಕಿದವಳು ತಾಯಿ, ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡಿ. ಯಾವ ಅರ್ಜಿ ಬಂದರೂ ಆ ಒಂದು ಸ್ಥಳದಲ್ಲಿ ಅವಳ ಲೇಖನಿ ನಿಲ್ಲುತ್ತದೆ. "ಮೂರು ವರ್ಷದಿಂದ ಗ್ರಂಥಾಲಯದ ಲೆಡ್ಜರಿನಲ್ಲಿ ಸೋದರಮಾವನ ಹೆಸರು ಬರೆದುಕೊಂಡು ಬಂದಿದ್ದೇನೆ. ಲೆಡ್ಜರು ಕೇಳುವುದಿಲ್ಲ. ಇದು ಕೇಳುತ್ತದೆ. ನಮ್ಮಮ್ಮನ ಹೆಸರು ಹಾಕಲು ಜಾಗವೇ ಇಲ್ಲ" ಎಂದಳು.

ನನಗೆ ತಲೆಯೆತ್ತಲಾಗಲಿಲ್ಲ. ಅದಕ್ಕೆ ಕಾರಣವಿದೆ. ಪ್ರಥಮ ಬಿ.ಎ.ಯಲ್ಲಿ ನನ್ನ ವಿದ್ಯಾರ್ಥಿವೇತನದ ಅರ್ಜಿ ತಿರಸ್ಕೃತವಾಗಿತ್ತು. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರ ನನ್ನ ಹೆಸರಿನ ಹಿಂದೆ. ಬ್ಯಾಂಕಿನ ಪುಸ್ತಕದಲ್ಲಿ ಮುಂದೆ. ಆ ಕಚೇರಿಯ ಕಿಂಡಿಯಲ್ಲಿದ್ದವರು ಪರದೆಯನ್ನು ನೋಡಿ, "ಯಂತ್ರ ಒಪ್ಪುವುದಿಲ್ಲಪ್ಪ" ಎಂದರು. ನಾನು ಕೈಮುಗಿದು ಹಿಂತಿರುಗಿದೆ. ಮಾರುಕಟ್ಟೆಯ ಅಂಗಳದಲ್ಲಿ ಹಮಾಲಿ ಮಾಡುವ ನಮ್ಮ ಅಪ್ಪ ಮಂಡಿಯವರ ಬಳಿ ಮುಂಗಡ ಎತ್ತಿ ಶುಲ್ಕ ಕಟ್ಟಿದರು. ಆ ಮುಂಗಡ ತೀರುವವರೆಗೆ ಅವರು ಎಷ್ಟು ಮೂಟೆ ಹೊತ್ತರೆಂಬುದನ್ನು ಲೆಕ್ಕಿಗನೂ ಹೇಳಲಾರ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಕೇಳಿ ತಿಳಿಯಲು ಮನೆಯಲ್ಲಿ ಯಾರೂ ಇರಲಿಲ್ಲ. ಯಂತ್ರ ಒಪ್ಪಲಿಲ್ಲವೆಂದರೆ ಮಳೆ ಬರಲಿಲ್ಲ ಎಂಬಂತೆ, ಅದಕ್ಕೆ ಮೇಲ್ಮನವಿ ಇಲ್ಲವೆಂದೇ ನಾವು ತಿಳಿದಿದ್ದೆವು. ಅದೇ ಕೆಂಪಕ್ಷರ ಇನ್ನೊಬ್ಬರ ಪಾಲಿಗೆ ಬಂದಾಗ ದುಂಡಾದ ಅಕ್ಷರದಲ್ಲಿ 'ಸರಿ' ಎಂದು ಬರೆದವನು ನಾನು!

ಮರುದಿನ ತಂಡ ಸೇರಿತು. "ಆದರೆ, ಪ್ರಶ್ನೆಪತ್ರಿಕೆ ತಿದ್ದುವ ಅಧಿಕಾರ ಪರೀಕ್ಷಕನಿಗೆ ಇದೆಯೇ?" ಎಂದ 'ಆದರೆ'. ಪಟ್ಟಿ ಗ್ರಂಥಪಾಲಕರದು, ಅದರಲ್ಲಿ ತಪ್ಪು ಹುಡುಕಿದರೆ ಅವರಿಗೆ ಬೇಸರವಾಗಿ ಅಂಕಗಳಿಗೆ ಕುಂದು ಬಂದೀತೆಂದು ಲೆಕ್ಕಿಗ. ಅವನ ಭಯ ಸುಳ್ಳಲ್ಲ, ನನಗೂ ಇತ್ತು. ನಮ್ಮ ಸಹಪಾಠಿ ಏನೂ ಹೇಳಲಿಲ್ಲ. ನಾನು ಪುಸ್ತಕವನ್ನು ತೆರೆದು, ಆರನೆಯ ಕಲಮಿನ ಎದುರಿಗಿದ್ದ 'ಸರಿ'ಯನ್ನು ಹೊಡೆದುಹಾಕದೆ, ಅದರ ಮುಂದೆ ಬರೆದೆ: 'ಬರೆದಂತೆ ಸರಿ. ಬರೆದುದು ಸರಿಯಲ್ಲ.' ಬರೆದು ಎಲ್ಲರ ಮುಖ ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ 'ಆದರೆ' ತನ್ನ ಮೊಬೈಲಿನಲ್ಲಿ ಏನನ್ನೋ ಹುಡುಕಿ, "ಇದನ್ನೂ ಸೇರಿಸು" ಎಂದ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕರಲ್ಲಿ ಯಾರಾದರೊಬ್ಬರ ಹೆಸರಿದ್ದರೆ ಸಾಕೆಂದು ವಿದೇಶಾಂಗ ಸಚಿವಾಲಯ 2016ರ ಡಿಸೆಂಬರಿನಲ್ಲಿಯೇ ಪ್ರಕಟಿಸಿತ್ತು. ವಿದೇಶಕ್ಕೆ ಹೋಗಲು ತಾಯಿಯ ಹೆಸರು ಸಾಕು, ಒಂದು ಕಾದಂಬರಿಯನ್ನು ಹಾಸ್ಟೆಲಿಗೆ ಒಯ್ಯಲು ಸಾಲದು ಎಂದರೆ ಹೇಗೆ?

ವರದಿ ಒಪ್ಪಿಸುವ ದಿನ ಬಂತು. ಹತ್ತು ಸರಿ, ಎರಡು ತಪ್ಪು. ಪಟ್ಟಿಯ ಬಗ್ಗೆಯೇ ಮೂರು ಟಿಪ್ಪಣಿ: 'ಒಳಗೆ' ಎಂಬ ಪದ, ಭಾನುವಾರ, ಆರನೆಯ ಕಲಮು. ಗ್ರಂಥಪಾಲಕರು ಕನ್ನಡಕ ಏರಿಸಿಕೊಂಡು ಓದಿದರು. ಆರನೆಯದರ ಬಳಿ ಬಹಳ ಹೊತ್ತು ನಿಂತರು. ನಮ್ಮ ಎದೆ ಡವಗುಟ್ಟುತ್ತಿತ್ತು. ಪರೀಕ್ಷಕನ ಮೇಜಿನ ಬಳಿಯೂ ಬೆವರು ತಪ್ಪಿದ್ದಲ್ಲವೆಂದು ಆಗ ತಿಳಿಯಿತು. "ಇದನ್ನು ನಾನೇ ಬರೆದದ್ದು. ಹಳೆಯ ಲೆಡ್ಜರಿನಲ್ಲಿ ಆ ಅಂಕಣವಿತ್ತು, ನೋಡಿ ಇಳಿಸಿಕೊಂಡೆ. ಏಕೆ ಬೇಕೆಂದು ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ" ಎಂದರು. ಜೇಬಿನಿಂದ ಲೇಖನಿ ತೆಗೆದು ಪಟ್ಟಿಯಲ್ಲಿ 'ತಂದೆಯ' ಎಂಬುದನ್ನು ಹೊಡೆದು 'ತಂದೆ, ತಾಯಿ ಅಥವಾ ಪೋಷಕರು, ಇವರಲ್ಲಿ ಒಬ್ಬರ' ಎಂದು ತಿದ್ದಿ ರುಜು ಹಾಕಿದರು. ಇಡೀ ಕೆಲಸಕ್ಕೆ ಒಂದು ನಿಮಿಷ ಹಿಡಿದಿರಬಹುದು.

ತಿದ್ದಿದ ತಂತ್ರಾಂಶ ಒಂದು ವಾರದಲ್ಲಿ ಬಂತು. ಹನ್ನೆರಡನ್ನೂ ಮೊದಲಿಂದ ಪರೀಕ್ಷಿಸಬೇಕೆಂದು ಮೇಷ್ಟ್ರು ಹೇಳಿದಾಗ, ಸರಿಯಿದ್ದುದನ್ನು ಮತ್ತೆ ನೋಡುವುದೇಕೆಂದು ಲೆಕ್ಕಿಗ ಗೊಣಗಿದ. ನೋಡಿದರೆ ಮೊದಲು ಸರಿಯಿದ್ದ ಮೂರು ಪುಸ್ತಕಗಳ ಮಿತಿ ಈಗ ಕೆಟ್ಟಿತ್ತು. ಕೇಳಿದಷ್ಟು ಪುಸ್ತಕ ಕೊಡುತ್ತಿತ್ತು! ಸೋರುವ ಕಡೆ ಸರಿಮಾಡಲು ಮಾಡಿಗೆ ಹತ್ತಿದವನು ಇನ್ನೊಂದು ಕಡೆ ಹೆಂಚು ತುಳಿದು ಒಡೆದಂತೆ. ಮತ್ತೊಮ್ಮೆ ತಿದ್ದುಪಡಿ, ಮತ್ತೊಮ್ಮೆ ಹನ್ನೆರಡು. ಈ ಸಲ ಎಲ್ಲವೂ ಸರಿ. ಹೊಸ ವ್ಯವಸ್ಥೆಯಲ್ಲಿ ಸದಸ್ಯತ್ವ ಪಡೆದ ಮೊದಲಿಗರಲ್ಲಿ ನಮ್ಮ ಸಹಪಾಠಿಯೂ ಒಬ್ಬಳು. ತಾಯಿಯ ಹೆಸರನ್ನು ಅವಳೇ ಟೈಪು ಮಾಡಿದಳು. ಕೆಂಪಕ್ಷರ ಬರಲಿಲ್ಲ.

ರಜೆಯಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ವಿವರಿಸಿದೆ. ಅವರು ಸಾವಧಾನವಾಗಿ ಕೇಳಿ, "ಮೂಟೆ ಇಡೋಕೆ ಮುಂಚೆ ಖಾಲಿ ತಕ್ಕಡಿ ನೋಡ್ತೀವಲ್ಲ, ಅದೇ ತಾನೆ?" ಎಂದರು. ಇಲಾಖೆಯ ಮುದ್ರೆ ಬಿದ್ದ ಕಾಟಾ ಆದರೂ ಸೊನ್ನೆ ತೋರಿಸುತ್ತಿದೆಯೇ ಎಂದು ನೋಡದೆ ಅವರು ಮೂಟೆ ಇಟ್ಟವರಲ್ಲ. ಎರಡು ವಾರ ನಾನು ಕಲಿತದ್ದರಲ್ಲಿ ಅರ್ಧ ಅವರಿಗೆ ಮೊದಲೇ ಗೊತ್ತಿತ್ತು.

ಮಿಕ್ಕರ್ಧ ನನಗೆ ಉಳಿಯಿತು. ಕಳೆದ ತಿಂಗಳು ಅಪ್ಪನ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಕಿಂಡಿಯಲ್ಲಿದ್ದವರು ಕಾಗದ ನೋಡಿ, ಪರದೆ ನೋಡಿ, ಆ ಹಳೆಯ ಮಾತನ್ನೇ ಹೇಳಿದರು. ಅಪ್ಪ ಆಗಲೇ ಕೈಮುಗಿದು ಹೊರಡಲು ತಿರುಗಿದ್ದರು. "ಸಾರ್, ಯಾವ ನಿಯಮದ ಪ್ರಕಾರ ಒಪ್ಪುವುದಿಲ್ಲ, ದಯವಿಟ್ಟು ತಿಳಿಸುತ್ತೀರಾ?" ಎಂದು ನಾನು ಕೇಳಿದೆ. ದನಿ ಸ್ವಲ್ಪ ನಡುಗಿತೆಂದು ಒಪ್ಪಿಕೊಳ್ಳುತ್ತೇನೆ. ಅವರು ನನ್ನನ್ನೊಮ್ಮೆ ನೋಡಿ, "ಇರಪ್ಪ, ಒಳಗೆ ಕೇಳಿಕೊಂಡು ಬರುತ್ತೇನೆ" ಎಂದು ಎದ್ದು ಹೋದರು. ನಾವು ಕಾದೆವು.